ಲಾಲಿಯ ಮೇಲಿನ ಗೀರು

ಅಕ್ಕಾ,

ಕ್ಷೇಮ ವಿಚಾರಿಸುವ ಧೈರ್ಯವಿಲ್ಲದೆ ನೇರ ವಿಷಯಕ್ಕೆ ಬರುತ್ತಿದ್ದೇನೆ. ವಾರಕ್ಕೊಂದು ಅಂಕಣ ಬರೆದು ಮಂತ್ರಿಗಳಿಂದ ಹಿಡಿದು ಹಲ್ಲಿನ ಡಾಕ್ಟರರ ತನಕ ಎಲ್ಲರ ಮಾನ ಕಳೆದ ನಿನ್ನ ತಮ್ಮ, ಇವತ್ತು ಸ್ವಂತ ಮಾನ ಕಳೆದುಕೊಳ್ಳಲು ಕೂತಿದ್ದಾನೆ. ಅಭ್ಯಾಸವಿಲ್ಲದ ಕೆಲಸ.

ಹೋಟೆಲಿನ ಲಾಂಡ್ರಿಯಲ್ಲಿ ಅಮ್ಮ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದರೆ, ನೀನು ಹಬೆ ಯಂತ್ರದ ಬುಸುಬುಸುವಿನ ಜೊತೆ ಹಾಡುತ್ತಿದ್ದೆ. ಮೇಲಿನ ಮಹಡಿಯ ಬ್ಯಾಂಡಿನ ಪಿಯಾನೋ ಮೇಷ್ಟ್ರು ಮೆಟ್ಟಿಲಿಳಿದು ಬಂದು, "ಈ ಹುಡುಗಿ ತಾಳ ತಪ್ಪಿಸ್ತಿಲ್ಲ, ತಾಳದ ಜೊತೆ ಕಣ್ಣಾಮುಚ್ಚಾಲೆ ಆಡ್ತಿದಾಳೆ" ಅಂದರು. ಅದಕ್ಕೆ ಜಾಝ್ ಅನ್ನುತ್ತಾರೆಂದು ನಮಗೆ ಗೊತ್ತಾದದ್ದೇ ಆವತ್ತು. ಅಮ್ಮ ಮಾತ್ರ, "ಕಣ್ಣಾಮುಚ್ಚಾಲೆ ಸಾಕು, ದಿಂಬಿನ ಚೀಲ ಮಡಚು" ಅಂದಳು.

ಮುಂದೆ ಹತ್ತು ವರ್ಷ ನೀನು ಅದೇ ಹೋಟೆಲಿನಲ್ಲಿ ರೇಷ್ಮೆ ಗೌನು ತೊಟ್ಟು ಹಾಡಿದೆ. ಲಾಂಡ್ರಿಯ ಹೆಂಗಸರು ಮುಷ್ಕರ ಹೂಡಿದ ದಿನ ಅದೇ ಗೌನಿನಲ್ಲಿ ಗೇಟಿನ ಮುಂದೆ ಹೋಗಿ ಕೂತೆ. ಅವರ ಸುಟ್ಟ ಬೆರಳುಗಳ ಮೇಲೆ ಹಾಡು ಕಟ್ಟಿ ರೆಕಾರ್ಡ್ ಮಾಡಿದೆ. ಆ ರೆಕಾರ್ಡಿನ ಇನ್ನೊಂದು ಬದಿಯಲ್ಲಿ ಅಮ್ಮನ ಲಾಲಿ ಹಾಡಿದೆ. ಕೊನೆಗೆ, ಮೈಕು ನಿಂತಿದೆ ಅಂದುಕೊಂಡು, ಅಮ್ಮನೇ ಒಂದಿಷ್ಟು ಗುನುಗಿದ್ದಳು. ನೀನು ಜೈಲಿಗೆ ಹೋದೆ, ಹಾಡಿಗೆ ನಿಷೇಧ ಬಂತು, ಸಿಕ್ಕ ಪ್ರತಿಗಳನ್ನೆಲ್ಲ ಪೊಲೀಸರು ಒಡೆದು ಹಾಕಿದರು.

ಉಳಿದದ್ದು ರೇಡಿಯೋ ಕೇಂದ್ರದ ಒಂದೇ ಪ್ರತಿ. ಅಲ್ಲಿ ರೆಕಾರ್ಡುಗಳನ್ನು ಕಾಯುತ್ತಿದ್ದವನು ನಾನು. ನಿಷೇಧಿಸಿದ ಹಾಡನ್ನು ಯಾರೂ ತಪ್ಪಿ ಪ್ರಸಾರ ಮಾಡದಿರಲಿ ಎಂದು ರೆಕಾರ್ಡಿನ ಮೇಲೆ ಮೊಳೆಯಿಂದ ಅಡ್ಡ ಗೀರುವುದು ನಮ್ಮ ಪದ್ಧತಿ. ಕೇಂದ್ರದ ಸಾಹೇಬರು ಮೇಜಿನ ಮೇಲೆ ಮೊಳೆ ಇಟ್ಟು, "ನಿಮ್ಮಕ್ಕ ಅಲ್ವೇನ್ರೀ? ಬೇಕಾದ್ರೆ ಬೇರೆಯವರ ಕೈಲಿ ಮಾಡಿಸ್ತೀನಿ" ಅಂದರು. ಎಂಥ ಸಜ್ಜನರು! ಆ ಸಜ್ಜನಿಕೆಗೇ ನಾನು ಹೆದರಿದ್ದು. "ಡ್ಯೂಟಿ, ಸಾರ್" ಎಂದು ಗೀರಿದೆ. ಅವರ ಮುಖದಲ್ಲಿ ಇನ್ನೂ ಅನುಮಾನ ಉಳಿದಂತೆ ಕಂಡಿತು. ರೆಕಾರ್ಡ್ ಮಗುಚಿದೆ. "ಅದ್ಯಾಕ್ರೀ, ಅದು ಲಾಲಿ!" ಎಂದು ಅವರು ಕೈ ಚಾಚುವಷ್ಟರಲ್ಲಿ ಅದನ್ನೂ ಗೀರಿ ಮುಗಿಸಿದ್ದೆ.

ಲಾಲಿ ಗೀರು ಅಂತ ಯಾರೂ ಹೇಳಿರಲಿಲ್ಲ, ಅಕ್ಕಾ.

ಆ ವರ್ಷದ ಉತ್ತಮ ನೌಕರ ಎಂಬ ಪ್ರಮಾಣಪತ್ರ ನನ್ನ ಗೋಡೆಯ ಮೇಲಿದೆಯಲ್ಲ, ಬಂದಾಗಲೆಲ್ಲ ಸೆರಗಿನಿಂದ ಅದರ ಧೂಳು ಒರೆಸುವವಳು ನೀನೇ.

ಜೈಲಿನಿಂದ ಬಂದವಳು ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಹಾಡಿದೆ, ಕರೆದ ಮುಷ್ಕರಕ್ಕೆಲ್ಲ ಹೋಗಿ ಕೂತೆ, ಜೈಲರನ್ನೂ ವೇದಿಕೆಯ ಮೇಲಿಂದಲೇ ಕ್ಷಮಿಸಿದೆ. ಅಮ್ಮ ತೀರಿಕೊಂಡ ಮೇಲೆ ನೀನು ಆ ರೆಕಾರ್ಡ್ ಕೇಳಿದಾಗಲೆಲ್ಲ ನಾನು "ಕಳೆದುಹೋಗಿದೆ" ಎನ್ನುತ್ತ ಬಂದೆ. ಹೋದ ವಾರ, ಈಗ ನನ್ನ ಜಾಗದಲ್ಲಿರುವ ಚುರುಕು ಹುಡುಗಿ ಅದನ್ನು ಹುಡುಕಿಕೊಟ್ಟುಬಿಟ್ಟಳು. ನಿನ್ನ ಕೊನೆಯ ಕಛೇರಿಯಲ್ಲಿ ಅಮ್ಮನ ಗುನುಗಿನ ಜೊತೆ ಹಾಡಬೇಕೆಂದು ನಿನ್ನಾಸೆ. ಇಬ್ಬರೂ ಕೂತು ಲಾಲಿಯ ಬದಿ ಹಾಕಿದೆವು. ಟಕ್, ಟಕ್, ಟಕ್.

"ಮುಷ್ಕರದ ಹಾಡಿಗೆ ಹೆದರಿದ್ರು, ಸರಿ. ಲಾಲಿಗೆ ಹೆದರಿದವನು ಯಾವನೋ? ನೀನು ಅಲ್ಲೇ ಇದ್ದೆಯಲ್ಲ" ಅಂದೆ ನೀನು.

"ಇಲಿ ಇರಬೇಕು ಬಿಡಕ್ಕಾ" ಅಂದೆ ನಾನು.

"ಎಷ್ಟು ನೆಟ್ಟಗಿದೆ ನೋಡೋ! ಸ್ಕೇಲ್ ಹಿಡಿದ ಇಲಿ!" ಎಂದು ನಕ್ಕೆ. ನನ್ನ ಯಾವ ಅಂಕಣಕ್ಕೂ ನೀನು ಅಷ್ಟು ನಕ್ಕಿದ್ದಿಲ್ಲ. ನಗುತ್ತಲೇ ಮುಳ್ಳನ್ನು ಮತ್ತೆ ಮೊದಲಿಗಿಟ್ಟೆ. ಮೂರು ಸಲ. ಟಕ್ಕುಟಕ್ಕಿನ ನಡುವೆ ಅಮ್ಮನ ಒಂದು ಉಸಿರಾದರೂ ಸಿಕ್ಕೀತೇ ಎಂದು ಕಿವಿಯಾನಿಸಿ ಕೂತೆ. ನಾನು ಚಹಾ ಮಾಡುವ ನೆಪದಲ್ಲಿ ಎದ್ದು ಹೋದೆ.

ಜೈಲರನ್ನು ಕ್ಷಮಿಸಿದಷ್ಟು ಸುಲಭವಾಗಿ ನನ್ನನ್ನು ಕ್ಷಮಿಸಬೇಡ. ಅವನು ಅಮ್ಮನ ಮಗನಾಗಿರಲಿಲ್ಲ. ಕಛೇರಿಗೆ ಮೊದಲ ಸಾಲಿನಲ್ಲಿ ನನಗೊಂದು ಕುರ್ಚಿ ಇಡಿಸಿದ್ದೀಯಂತೆ. ಬರಲೋ ಬೇಡವೋ, ಒಂದು ಸಾಲು ಬರೆ. ಪ್ರಮಾಣಪತ್ರವನ್ನು ಇದರ ಜೊತೆಗೇ ಕಳಿಸಿದ್ದೇನೆ. ಧೂಳು ಒರೆಸಿಲ್ಲ.

ನಾನಿಲ್ಲದಿದ್ದರೂ ಕಛೇರಿ ಚೆನ್ನಾಗಿ ಆಗಲಿ, ನಿನ್ನ ಗಂಟಲು ತಣ್ಣಗಿರಲಿ.

ಇಂತಿ,
ಸ್ಕೇಲ್ ಹಿಡಿದ ಇಲಿ