ಅಕ್ಕನ ಅಂಗಳದ ಹಂದರ

ಬಸವನ ಬಾಗೇವಾಡಿ
ಶನಿವಾರ, ೬ ಏಪ್ರಿಲ್ ೨೦೦೨

ಅಕ್ಕಾ, ಜೈಭೀಮ್.

ನೀನು ಅಪ್ಪನನ್ನು ಆಳು ಎಂದು ತೋರಿಸಿದೆ. ನಿನ್ನ ಸ್ವಂತ ಅಂಗಳದಲ್ಲಿ, ನಿನಗಾಗಿ ಗುಂಡಿ ತೋಡುತ್ತಿದ್ದ ಹೆತ್ತ ತಂದೆಯನ್ನು, ಪಕ್ಕದ ಮನೆಯವರು ಯಾರೆಂದು ಕೇಳಿದಾಗ, ಹಂದರ ಹಾಕಲು ಬಂದವನು ಎಂದೆ. ಇದು ತಪ್ಪು. ಕ್ಷೇಮ ಕೇಳುವ ಮೊದಲು ಇದನ್ನು ಬರೆದುಬಿಡುತ್ತಿದ್ದೇನೆ. ಇದನ್ನು ನುಂಗಿಕೊಂಡು ಬರೆದರೆ ಉಳಿದ ಸಾಲುಗಳೆಲ್ಲ ಸುಳ್ಳಾಗುತ್ತವೆ.

ಪ್ರೆಸ್ಸಿನಲ್ಲಿ ಕರೆಂಟ್ ಹೋಗಿದೆ. ಯಾರದೋ ಮದುವೆಯ ಪತ್ರಿಕೆ ಅರ್ಧ ಅಚ್ಚಾಗಿ ಮಷಿನ್ ನಿಂತಿದೆ. ಮಾಲಕರು ಊಟಕ್ಕೆ ಹೋಗಿದ್ದಾರೆ. ಹಾಗಾಗಿ ಈ ಹೊತ್ತು ನನ್ನದು.

ಹೋದ ಭಾನುವಾರ ಅಪ್ಪ ನಿನ್ನ ಮನೆಯಿಂದ ಬಂದಾಗ ಮುಖ ಅರಳಿತ್ತು. ಅವ್ವ ಹೊಸ್ತಿಲಲ್ಲೇ ಹಿಡಿದು ನಿಲ್ಲಿಸಿ ಒಂದೊಂದಾಗಿ ಕೇಳಿದಳು. ಅಪ್ಪ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. “ಕುರ್ಚಿ ಹಾಕಿ ಕುಂದ್ರಿಸಿದ್ಳು. ಬಾಜೂ ಮನಿಯಾಕಿ ಬಂದು, ನಮಸ್ಕಾರ್ರಿ ಕಾಕಾ, ಮಗಳ ಮನಿ ಹೆಂಗ ಅನಸ್ತು ಅಂತ ಕೇಳಿದ್ಳು. ದೊಡ್ಡ ಮಂದಿ ಐತಿ, ಖರೇ ಮಾತು ಮೆತ್ತಗ ಐತಿ.”

“ಚಾ ಯಾತರಾಗ ಕೊಟ್ಳು?” ಎಂದಳು ಅವ್ವ.

“ನೀ ಲಗ್ನದಾಗ ಕೊಟ್ಟಿದ್ಯಲ್ಲ, ಹೂವಿನ ಕಪ್ಪು-ಬಸಿ. ಅದರಾಗ.”

ಅವ್ವ ಅಂದು ಸಂಜೆ ನಳದ ಹತ್ತಿರ ಕೊಡ ಇಟ್ಟು, ತನ್ನ ಪಾಳಿ ಬಂದರೂ ಸರಿಯದೆ, ಓಣಿಯ ಹೆಂಗಸರಿಗೆಲ್ಲ ಈ ಕಪ್ಪು-ಬಸಿಯ ಕಥೆ ಹೇಳಿದಳು. ನಾನೂ ನಂಬಿದೆ. ನಂಬಿ ಹೆಮ್ಮೆಪಟ್ಟೆ.

ಮೊನ್ನೆ ಗುರುವಾರ ಇಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಹುಲಿಗೆವ್ವ ಸಿಕ್ಕಳು. ನಮ್ಮ ಓಣಿಯ ಹುಲಿಗೆವ್ವ. ಈಗ ಸಿಂದಗಿಯಲ್ಲಿ ಮಗಳ ಹತ್ತಿರ ಇದ್ದು, ನಿನ್ನ ನೆರೆಯ ದಾನೇಶ್ವರಿಯವರ ಮನೆಯಲ್ಲಿ ಭಾಂಡೆ ತಿಕ್ಕುತ್ತಾಳೆಂದು ನಿನಗೂ ಗೊತ್ತು. ನನ್ನನ್ನು ಕಂಡವಳೇ ನಕ್ಕಳು. “ಏನೋ ಗುರುನಾಥ, ಸಂಘ ಕಟ್ಟಿ ಊರಾಗಿನ ಬಿಟ್ಟಿ ಬಿಡಿಸಿದ್ಯಲ್ಲ, ನಿಮ್ಮಪ್ಪ ಈಗ ಮಗಳ ಮನಿಗಿ ಕೂಲಿಗಿ ಹೊಂಟಾನೇನು?” ಎಂದಳು. ಚೇಷ್ಟೆ ಎಂದುಕೊಂಡೆ. ಆಮೇಲೆ ಅವಳ ನಗೆ ನಿಂತಿತು. ದಾನೇಶ್ವರಿಯವರು ಒಳಗೆ ಬಂದು ಗಂಡನಿಗೆ ಹೇಳಿದರಂತೆ: “ಟೀಚರ ಮನಿಗಿ ಹಂದರ ಹಾಕಾಂವ ಬಂದಾನ. ಕೆಲಸ ಚಲೋ ಐತಿ. ನಮ್ಮ ಹಿತ್ತಲಕ್ಕೂ ಒಂದು ಹಾಕಸೂಣು.” ಹುಲಿಗೆವ್ವ ಕಂಪೌಂಡಿನ ಮೇಲಿಂದ ಹಣಕಿ ನೋಡಿದರೆ, ಹಂದರ ಹಾಕುವವನು ನಮ್ಮ ಅಪ್ಪ. ನೀರಿನ ಮೋಟರಿನ ಹತ್ತಿರ ಕೆಳಗೆ ಕೂತು, ಪ್ಲಾಸ್ಟಿಕ್ ಕಪ್ಪಿನಲ್ಲಿ ಚಹಾ ಕುಡಿಯುತ್ತಿದ್ದ.

“ನಾ ಬಾಯಿ ಬಿಟ್ಟಿಲ್ಲಪಾ” ಎಂದಳು ಹುಲಿಗೆವ್ವ. “ನಿಮ್ಮಕ್ಕನ ನೌಕರಿ, ನಿಮ್ಮಕ್ಕನ ಮನಿ. ಆಕಿ ನನಗ ನೋಡಿದ್ರೂ ನೋಡದಂಗ ಹೋಗತಾಳ, ಹೋಗ್ಲಿ. ಆದ್ರ ಹಡದಪ್ಪಗ ಪ್ಲಾಸ್ಟಿಕ್ ಕಪ್ಪು?”

ಅವಳ ಬಸ್ಸು ಬಂತು.

ನೀನು ಏನು ಹೇಳುತ್ತೀ ಎಂಬುದು ನನಗೆ ಗೊತ್ತು. ನೌಕರಿ ಸಿಕ್ಕ ವರ್ಷ ನೀನು ಬಾಡಿಗೆ ಮನೆ ಹುಡುಕಿದ್ದಕ್ಕೆ ನಾನೇ ಸಾಕ್ಷಿ. ನಿನ್ನ ಟ್ರಂಕು ಹೊತ್ತುಕೊಂಡು ಹಿಂದೆ ಬರುತ್ತಿದ್ದವನು ನಾನು. ಬೆಳಿಗ್ಗೆ ಬೀಗದ ಕೈ ಕೊಟ್ಟವರು ಸಂಜೆ “ಬ್ಯಾರೇದವರಿಗಿ ಕೊಟ್ಟೇವ್ರಿ” ಎನ್ನುತ್ತಿದ್ದರು. ಯಾರಿಗೂ ಕೊಟ್ಟಿರುತ್ತಿರಲಿಲ್ಲ. ಆಮೇಲೆ ನೀನು ಒಂದು ಉತ್ತರ ಕಲಿತೆ. “ನೀವು ಯಾವ ಪೈಕಿರಿ?” ಎಂದು ಕೇಳಿದರೆ “ಬಸವನ ಬಾಗೇವಾಡಿ ಕಡೆಯವರು” ಎನ್ನುವುದು. ಕೇಳಿದ್ದು ಜಾತಿ, ಹೇಳಿದ್ದು ಊರು. ಬಸವಣ್ಣ ಹುಟ್ಟಿದ ಬಾಗೇವಾಡಿ ಎಂದೊಡನೆ ಅವರ ಮುಖ ಸಡಿಲವಾಗುತ್ತಿತ್ತು. ಉಳಿದದ್ದನ್ನು ತಾವೇ ತುಂಬಿಕೊಳ್ಳುತ್ತಿದ್ದರು. ನೀನು ಸುಳ್ಳು ಹೇಳಲಿಲ್ಲ, ನಿಜ. ನಾನು ಹೊತ್ತಿಗೆಗಳಲ್ಲಿ ಓದಿದ್ದನ್ನು ನೀನು ಪರರ ಬಾಗಿಲಲ್ಲಿ ನಿಂತು ಕಲಿತವಳು. ಆದ್ದರಿಂದ ಆ ಉತ್ತರಕ್ಕಾಗಿ ನಾನು ನಿನ್ನ ಮೇಲೆ ಎಂದೂ ಸಿಟ್ಟಾಗಿಲ್ಲ. ಆದರೆ ಅದು ನಿನ್ನೊಬ್ಬಳ ಉತ್ತರ. ಅದರ ಭಾರವನ್ನು ಅಪ್ಪನ ತಲೆಯ ಮೇಲೆ ಹೊರಿಸುವ ಹಕ್ಕು ನಿನಗೆ ಯಾರು ಕೊಟ್ಟರು?

ಅದೂ ಹಂದರದ ಕೆಲಸದಲ್ಲಿ. ಬೇರೆ ಯಾವುದಾದರೂ ಆಗಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ನಿನಗೆ ನೆನಪಿಲ್ಲವೆ? ಊರಲ್ಲಿ ಯಾರ ಮನೆಯಲ್ಲಿ ಲಗ್ನವಾದರೂ ಅಪ್ಪನಿಗೆ ಹೇಳಿಕೆ ಬರುತ್ತಿತ್ತು, ಊಟಕ್ಕಲ್ಲ, ಕಂಬಕ್ಕೆ. ಹಳ್ಳದ ದಂಡೆಯಿಂದ ಕಂಬ ಕಡಿದು ತರಬೇಕು, ಗುಂಡಿ ತೋಡಬೇಕು, ಮೇಲೆ ಎಲೆ-ತಪ್ಪಲು ಹೊದಿಸಬೇಕು. ಮೊದಲ ಹಂದರಗಂಬ ನಿಂತ ಕೂಡಲೆ ಮುತ್ತೈದೆಯರು ಅದಕ್ಕೆ ಅರಿಷಿಣದ ಬಟ್ಟೆ ಕಟ್ಟಿ ಆರತಿ ಎತ್ತುತ್ತಿದ್ದರು. ಆಗ ಆ ಕಂಬವನ್ನು ಹೆಗಲ ಮೇಲೆ ಹೊತ್ತು ತಂದವನು ದೂರ ಸರಿದು ನಿಲ್ಲಬೇಕು. ಹಂದರ ಪೂರ್ತಿಯಾದ ಮೇಲೆ ಅದರ ನೆರಳು ಅಪ್ಪನದಲ್ಲ. ನಾವಿಬ್ಬರೂ ಎದುರಿನ ಕಟ್ಟೆಯ ಹಿಂದೆ ಬಿಸಿಲಲ್ಲಿ ಕೂತು, ಅಪ್ಪ ಕಟ್ಟಿದ ನೆರಳನ್ನು ನೋಡುತ್ತಿದ್ದೆವು. ನೀನು ಒಮ್ಮೆ, “ಅಪ್ಪಾ, ಆ ನಾಲ್ಕನೇ ಕಂಬ ನಾನು ಹಿಡದಿದ್ದೆ, ನಾನರ ಹೋಗಲಿ?” ಎಂದು ಕೇಳಿದ್ದೆ. ಅಪ್ಪ ಬೇರೆ ಕಡೆ ನೋಡಿದ.

ಸಂಘದಿಂದ ನಾವು ಹುಡುಗರು ಆ ಬಿಟ್ಟಿ ಚಾಕರಿಯನ್ನು ನಿಲ್ಲಿಸಿದಾಗ ಅಪ್ಪ ಹಾರೆಯನ್ನು ತೊಳೆದು ಮೂಲೆಗೆ ನಿಲ್ಲಿಸಿದ. ಆಮೇಲೆ ಅದನ್ನು ಮುಟ್ಟಿದ್ದು ನಿನ್ನ ಕಾಗದ ಬಂದ ದಿನವೇ.

ಆ ಕಾಗದ ನನ್ನ ಮುಂದೆ ಇದೆ. ಸಂಗಡ ನೀನು ಯಾವುದೋ ಪತ್ರಿಕೆಯಿಂದ ಕತ್ತರಿಸಿದ ಚಿತ್ರ ಕಳಿಸಿದ್ದಿ. ಎಂಜಿನಿಯರರು ಇದಕ್ಕೆ ಪರ್ಗೋಲಾ ಅನ್ನುತ್ತಾರೆ ಎಂದು ಬರೆದಿದ್ದಿ. ನಮ್ಮ ಮಾತಿನಲ್ಲಿ ಅದು ಹಂದರವೇ. ಬಿಳಿ ಬಣ್ಣದ ಕಬ್ಬಿಣದ ಪೈಪಿನದು ಚೆನ್ನವೋ, ಇಂಡಿ ಕಡೆ ದ್ರಾಕ್ಷಿ ತೋಟಗಳಲ್ಲಿ ಇರುವಂತೆ ಕಲ್ಲುಕಂಬ ನಿಲ್ಲಿಸಿ ತಂತಿ ಎಳೆಯುವುದು ಚೆನ್ನವೋ, ಸಿಮೆಂಟಿನ ತೊಲೆಯೋ, ನೀನೇ ಹೇಳು ಗುರು ಎಂದು ಕೇಳಿದ್ದಿ. ಮಲ್ಲಿಗೆ ಬಳ್ಳಿ ಹಬ್ಬಿಸಿ ಕೆಳಗೆ ನಾಲ್ಕು ಕುರ್ಚಿ ಹಾಕುವ ಆಸೆ ಎಂದಿದ್ದಿ. ಗುಂಡಿಯ ಅಳತೆಗೆ ಅಪ್ಪನನ್ನು ಕಳಿಸು ಎಂದೂ ಬರೆದಿದ್ದಿ.

ನನ್ನ ಮೊದಲ ಉತ್ತರ ಬೇರೆಯೇ ಇತ್ತು. ಹಂದರ ಎಂಬುದೇ ನಮ್ಮ ಬೆನ್ನಿನ ಮೇಲಿನ ಗಾಯ, ಅದನ್ನು ಅಂಗಳದಲ್ಲಿ ನೆಡಬೇಡ, ಬಯಲಾಗಿ ಬಿಡು ಎಂದು ಎರಡು ಹಾಳೆ ಬರೆದಿದ್ದೆ. ಅಪ್ಪನಿಗೂ ಹೇಳಿದೆ. ನಾವು ಅದನ್ನು ಬಿಟ್ಟವರು, ನೀನು ಮತ್ತೆ ಹಾರೆ ಹಿಡಿಯಬಾರದು ಎಂದೆ. ಅಪ್ಪ ಹಾರೆಯ ಮೊನೆಯನ್ನು ಕಲ್ಲಿಗೆ ಉಜ್ಜುತ್ತ ಹೇಳಿದ: “ನೀವು ಬಿಡಿಸಿದ್ದು ಬಿಟ್ಟಿ. ಕೆಲಸ ನಂದು. ಒಂದರ ನಮ್ಮ ಮನಿಗಿ ಹಾಕಬ್ಯಾಡೇನು?”

ಆಗ ನನಗೆ ಹಿತ್ತಲಲ್ಲಿರುವ ಬೇವಿನ ಕವಲುಗಂಬಗಳ ಅರ್ಥವಾಯಿತು. ಮನೆಯ ಹಿಂದಿನ ಬೇವು ಗಾಳಿಗೆ ಬಿದ್ದ ವರ್ಷ ಅಪ್ಪ ನೆಟ್ಟಗಿನ ನಾಲ್ಕು ಕೊಂಬೆಗಳನ್ನು ಕಡಿದು, ತುದಿಯ ಕವಲು ಉಳಿಸಿ, ಗೋಡೆಗೆ ಒರಗಿಸಿದ್ದ. ಅವ್ವ ಉರುವಲಿಗೆ ಕೇಳಿದರೆ ಕೊಡಲಿಲ್ಲ. “ಇರ್ಲಿ, ಬೇಕಾಗ್ತಾವ” ಅಷ್ಟೇ. ನಿನ್ನ ಲಗ್ನಕ್ಕೆ ಬೇಕಾಗುತ್ತವೆ ಎಂದು ಇಟ್ಟಿದ್ದ ಅಕ್ಕಾ. ಆದರೆ ನಮ್ಮ ಓಣಿಯಲ್ಲಿ ಎತ್ತು ಎದುರಾದರೆ ಮನುಷ್ಯ ಗೋಡೆಗೆ ಅಂಟಿಕೊಳ್ಳಬೇಕು, ಹಂದರಕ್ಕೆ ಜಾಗವೆಲ್ಲಿ? ನಿನ್ನ ಲಗ್ನ ಸಮಾಜ ಮಂದಿರದ ತಗಡಿನ ಕೆಳಗೆ ಆಯಿತು. ಇಡೀ ಊರಿಗೆ ಹಂದರ ಹಾಕಿದವನು ಹೆತ್ತ ಮಗಳಿಗೆ ಒಂದು ಕಂಬ ನೆಡಲಿಲ್ಲ. ಈಗ ಮಗಳಿಗೆ ಅಂಗಳ ಬಂದಿದೆ ಎಂದು ಆ ಮುದುಕ ಸಿಂದಗಿ ಬಸ್ಸು ಹತ್ತಿದ. ಗುಂಡಿ ತೋಡಿದ. ಮೋಟರಿನ ಹತ್ತಿರ ಕೆಳಗೆ ಕೂತ. ಮನೆಗೆ ಬಂದು ಕಪ್ಪು-ಬಸಿಯ ಸುಳ್ಳು ಹೇಳಿದ. ನಿನ್ನ ಮಾನ ಕಾಯಲಿಕ್ಕೆ ಅವನು ಅವ್ವನೆದುರು ಸುಳ್ಳಾಡಿದ್ದು ನನಗೆ ತಿಳಿದಂತೆ ಇದೇ ಮೊದಲು.

ಈಗ ನಿನ್ನ ಪ್ರಶ್ನೆಗೆ ಉತ್ತರ. ಪೈಪು ಬೇಡ. ಸಿಂದಗಿಯ ಬಿಸಿಲಿಗೆ ಕಾದ ಕಬ್ಬಿಣ ಮಲ್ಲಿಗೆಯ ಎಳೆ ಕುಡಿಯನ್ನು ಸುಡುತ್ತದೆ ಎನ್ನುತ್ತಾನೆ ಅಪ್ಪ. ಆದರೆ ನನ್ನ ಕಾರಣ ಅದಲ್ಲ. ಪೈಪಿನ ಹಂದರವನ್ನು ವೆಲ್ಡಿಂಗಿನವನು ತಂದು ನಿಲ್ಲಿಸಿ ಹೋಗುತ್ತಾನೆ, ಇದು ಯಾರದು, ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಕಲ್ಲುಕಂಬವನ್ನೂ ಕೇಳುವುದಿಲ್ಲ. ಬೇವಿನ ಕವಲುಗಂಬವನ್ನು ಕೇಳುತ್ತಾರೆ. “ಇಂಥಾವು ಎಲ್ಲಿ ಸಿಕ್ಕವ್ರಿ ಟೀಚರ?” ಎಂದು ದಾನೇಶ್ವರಿಯವರು ಖಂಡಿತ ಕೇಳುತ್ತಾರೆ. ಆಗ ನಿನಗೆ ಎರಡೇ ದಾರಿ ಇರುತ್ತವೆ. ನಮ್ಮ ಮನೆಯ ಹಿತ್ತಲಿನವು, ನಮ್ಮಪ್ಪ ತಂದದ್ದು ಎನ್ನಬೇಕು, ಇಲ್ಲವೆ ಅವನು ನಿಂತಿರುವಾಗಲೇ ಇನ್ನೊಮ್ಮೆ ಅವನನ್ನು ಅಲ್ಲಗಳೆಯಬೇಕು. ನಾನು ಬೇವನ್ನು ಆರಿಸಿದ್ದು ಅದಕ್ಕೇ. ಇದು ಬಲವಂತ ಎನ್ನಿಸಿದರೆ ಹೌದು, ಬಲವಂತವೇ.

ನಿನ್ನ ನೆರೆಯವರು ಮಾತು ಬಿಡಬಹುದು. ನಿನ್ನ ಶಾಲೆಯಲ್ಲಿ ಕುರ್ಚಿಗಳು ಸ್ವಲ್ಪ ದೂರ ಸರಿಯಬಹುದು. ಏನೂ ಆಗುವುದಿಲ್ಲ ಎಂದು ನಾನು ಭರವಸೆ ಕೊಡಲಾರೆ. ಆಗುತ್ತದೆ. ಆದರೆ ಮನೆ ಈಗ ನಿನ್ನದು. ಬೀಗದ ಕೈ ಯಾರೂ ವಾಪಸು ಕೇಳಲಾರರು. ನಿನ್ನ ಮನೆಯವರು, ಅನಿಲ ಮಾಮಾ, ಶನಿವಾರ ಮುದ್ದೇಬಿಹಾಳದಿಂದ ಬಂದಾಗ ಈ ಕಾಗದ ಅವರಿಗೂ ತೋರಿಸು.

ಕಂಬ ನಿಲ್ಲಿಸುವ ದಿನ, ನೆರೆಯವರಿಗೆ ಚಹಾ ಕೊಡುವ ದಿನ ಎಂದು ನೀನು ನಾಳೆಯದನ್ನು ಬಿಟ್ಟು ಮುಂದಿನ ಭಾನುವಾರ ಗೊತ್ತು ಮಾಡಿದ್ದಿ. ಕ್ಯಾಲೆಂಡರ್ ನೋಡಿ ಮಾಡಿದೆಯೋ ನೋಡದೆ ಮಾಡಿದೆಯೋ ತಿಳಿಯದು. ಅದು ಬಾಬಾಸಾಹೇಬರ ಜಯಂತಿ. ನಮ್ಮೂರ ಮೆರವಣಿಗೆಯಲ್ಲಿ ನಾನು ಮಾತಾಡಬೇಕಾಗಿತ್ತು, ಭಾಷಣವನ್ನೂ ಬರೆದಿದ್ದೆ. ಅದನ್ನು ಸಂಘದ ಬೇರೆ ಹುಡುಗನಿಗೆ ಕೊಟ್ಟಿದ್ದೇನೆ. ಅಪ್ಪ, ಅವ್ವ, ನಾನು ಮೂವರೂ ಬರುತ್ತೇವೆ. ಕಂಬಗಳು ಬಸ್ಸಿನ ಟಪ್ಪಿನ ಮೇಲೆ ಬರುತ್ತವೆ. ಅವ್ವನಿಗೆ ಹೂವಿನ ಕಪ್ಪು-ಬಸಿಯಲ್ಲೇ ಚಹಾ ಬೇಕು. ಅವಳು ಅಪ್ಪನ ಮಾತು ನಂಬಿದ್ದಾಳೆ.

ನೀನು ಬಸ್ ಸ್ಟ್ಯಾಂಡಿಗೆ ಬರಬೇಕು. ಮನೆಯಲ್ಲಿ ಕಾಯಬೇಡ. ದಾರಿಯುದ್ದಕ್ಕೂ ಆ ಕಂಬಗಳ ಜೊತೆ ನಡೆದು ಬರಬೇಕು.

ನಿನ್ನ ತಮ್ಮ,
ಗುರುನಾಥ

ತಾ.ಕ.: ಭಾನುವಾರ ಬೆಳಿಗ್ಗೆ, ಮನೆಯಲ್ಲಿ. ಲಕೋಟೆ ಅಂಟಿಸುತ್ತಿದ್ದಾಗ ಅಪ್ಪ ನೋಡಿದ. ಕಂಬಗಳ ಬುಡಕ್ಕೆ ಗೆದ್ದಲು ಹತ್ತದಂತೆ ಕರಿ ಎಣ್ಣೆ ಹಚ್ಚುತ್ತಿದ್ದವನು, “ಅಕ್ಕಗೇನು? ಓದು” ಎಂದ. ಅವ್ವ ನಳಕ್ಕೆ ಹೋಗಿದ್ದಳು. ಎಲ್ಲವನ್ನೂ ಓದಿದೆ. ಅಪ್ಪ ತಲೆ ಎತ್ತಲಿಲ್ಲ. ಮುಗಿದ ಮೇಲೆ ಹೇಳಿದ: “ಆಕಿ ಹಂಗ ಅಂದಿಲ್ಲ. ನಾನೇ ಅಂದೆ. ಆ ಬಾಜೂ ಮನಿ ಬಾಯಾರು, ಯಾರ್ರಿ ಇವರು ಅಂತ ಕೇಳಿದ್ರು. ಕೋಮಲ ‘ಇವರು ನಮ್ಮ’ ಅಂತ ಸುರು ಮಾಡಿದ್ಳು. ಆಕಿ ಮಾರಿ ನೋಡಿದೆ. ಬಿಳಿಚಿಕೊಂಡಿತ್ತು. ನಾ ಹಂದರ ಹಾಕಾಂವ್ರಿ ಅಂತ ನಡಬರಕ ನಾನೇ ಅಂದುಬಿಟ್ಟೆ. ಪ್ಲಾಸ್ಟಿಕ್ ಕಪ್ಪೂ ನಾನೇ ಬೇಡಿದೆ.”

ಮೊದಲ ಸಾಲನ್ನು ಹೊಡೆದುಹಾಕಲು ಪೆನ್ನು ಎತ್ತಿದೆ. ಹೊಡೆಯಲಿಲ್ಲ. ಅಪ್ಪ ಅಂದ ಮೇಲಾದರೂ ನೀನು ಅಲ್ಲ ಎನ್ನಬಹುದಿತ್ತು. ಆದರೆ ಸಾಲು ಎಷ್ಟು ನಿಜವೋ ಈಗ ನನಗೆ ತಿಳಿಯದು, ನಿನಗೆ ಮಾತ್ರ ತಿಳಿದಿದೆ. “ಇವರು ನಮ್ಮ” ಎಂದೆಯಲ್ಲ, ಅದರ ಮುಂದೆ ಯಾವ ಮಾತಿತ್ತು ಅಕ್ಕಾ? ಅದನ್ನು ಕಾಗದದಲ್ಲಿ ಬರೆಯಬೇಡ. ಜನ ಇರುವಲ್ಲಿ, ಬಾಯಿಂದ ಹೇಳಿ ಮುಗಿಸು. ಸಿಂದಗಿ ಬಸ್ ಸ್ಟ್ಯಾಂಡ್, ಬಾಗೇವಾಡಿ ಬಸ್ಸು ನಿಲ್ಲುವ ಜಾಗ, ಭಾನುವಾರ ಹದಿನಾಲ್ಕನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆ.