ಆರನೆಯ ಕುರ್ಚಿ

ನನ್ನ ಏಕಮಾತ್ರ ಅಕ್ಕನಾದ ನಿನಗೆ,

ಈ ಮೂಲಕ ಸಮಸ್ತ ಮನೆಮಂದಿಗೆ, ಅಂದರೆ ನಿನಗೆ, ಹರ್ಷಪೂರ್ವಕವಾಗಿ ತಿಳಿಯಪಡಿಸುವುದೇನೆಂದರೆ, ನಮ್ಮ ಬಚ್ಚಲುಮನೆಯ ನಲ್ಲಿಯು ಸೋರುವುದನ್ನು ನಿಲ್ಲಿಸಿದೆ. ಬಹುಕಾಲದಿಂದ ತೊಟ್ಟಿಕ್ಕುತ್ತ ನಿನ್ನ ಹಗಲುನಿದ್ದೆಗೆ ಭಂಗ ತರುತ್ತಿದ್ದ ಸದರಿ ನಲ್ಲಿಯನ್ನು ನಿನ್ನ ತಮ್ಮನಾದ ನಾನು, ಯಾವ ಪ್ಲಂಬರನ ನೆರವೂ ಇಲ್ಲದೆ, ಒಂದು ರಬ್ಬರ್ ವಾಷರು ಮತ್ತು ನಾಲ್ಕಾರು ಬೈಗುಳಗಳ ಸಹಾಯದಿಂದ ಹತೋಟಿಗೆ ತಂದಿದ್ದೇನೆ. ಇವತ್ತು ಹಗಲು ನಿನಗೆ ಕಣ್ತುಂಬ ನಿದ್ದೆ ಬಂದಿದ್ದರೆ ಅದರ ಕೀರ್ತಿ ನನಗೇ ಸಲ್ಲತಕ್ಕದ್ದು.

ಇಷ್ಟು ಓದುವಷ್ಟರಲ್ಲಿ ನಿನ್ನ ಹುಬ್ಬು ಗಂಟಿಕ್ಕಿರುತ್ತದೆ. ನಾನು ಇಷ್ಟೆಲ್ಲ ಅಲಂಕಾರ ಮಾಡಿ ಮಾತು ಶುರುಮಾಡಿದರೆ ಎಲ್ಲೋ ಏನೋ ಎಡವಟ್ಟಾಗಿದೆ ಎಂದು ನೀನು ಚಿಕ್ಕಂದಿನಿಂದ ಬಲ್ಲೆ. ಆಗಿದೆ ಅಕ್ಕ. ಯಾರಿಗೂ ಜ್ವರವಿಲ್ಲ, ಯಾರೂ ಬಿದ್ದು ಮಂಡಿ ಒಡೆದುಕೊಂಡಿಲ್ಲ. ಆದರೂ ಶನಿವಾರದಿಂದ ನಾನು ರಾತ್ರಿಯೆಲ್ಲ ಎದ್ದು ಕೂತಿರುತ್ತೇನೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಹಿಂಡುತ್ತ ರಾತ್ರಿಯೆಲ್ಲ ಎಚ್ಚರವಿರುವವಳು ನೀನು. ನನಗೆ ಆ ಕೆಲಸ ಅಭ್ಯಾಸವಿಲ್ಲ.

ಎದುರಿಗೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಯಾವಾಗ ಹೇಳಲಿ? ನೀನು ಕೆಲಸದಿಂದ ಬರುವ ಹೊತ್ತಿಗೆ ನಾನು ಷರ್ಟಿನ ಗುಂಡಿ ಹುಡುಕುತ್ತಿರುತ್ತೇನೆ, ನಾನು ಬರುವ ಹೊತ್ತಿಗೆ ನೀನು ಚಪ್ಪಲಿ ಹುಡುಕುತ್ತಿರುತ್ತೀಯ. ಭಾವ ತೀರಿಕೊಂಡ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ ಎನ್ನುವುದಕ್ಕೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳೇ ಸಾಕ್ಷಿ. ಇದು ಫ್ರಿಜ್ಜಿನ ಬಾಗಿಲಿಗೆ ಹಿಡಿಸುವ ವಿಷಯವಲ್ಲ. ಸಿಗುವ ಆ ಅರೆಗಳಿಗೆಯಲ್ಲೂ ನಮ್ಮ ನಡುವೆ ಒಂದು ಜೊತೆ ಪುಟ್ಟ ಕಿವಿಗಳು ನೆಟ್ಟಗೆ ನಿಂತಿರುತ್ತವೆ. ಅದಕ್ಕೇ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ ಬರೆಯುತ್ತಿದ್ದೇನೆ. ಸಂಜೆ ನಿನ್ನ ಊಟದ ಡಬ್ಬಿಯ ಚೀಲಕ್ಕೆ ಸೇರಿಸುತ್ತೇನೆ. ಟೀ ಬಿಡುವಿನಲ್ಲಿ ಓದು. ಟೀ ಆರಿದರೆ ಆರಲಿ.

ವಿಷಯ ನಮ್ಮ ಬಟಾಣಿಯದು. ನಿನ್ನ ಮಗಳಿಗೆ ಓದಲು ಬರುವುದಿಲ್ಲ.

ನನಗೆ ಗೊತ್ತು, ನೀನು ಈಗ ಈ ಕಾಗದವನ್ನು ಮಡಿಚುತ್ತಿದ್ದೀಯ. ಮಡಿಚಬೇಡ. ಎರಡನೇ ಕ್ಲಾಸಿನಲ್ಲಿ ನೀರು ಕುಡಿದ ಹಾಗೆ ಓದುತ್ತಾಳೆ ಎಂದು ಅವಳ ಕ್ಲಾಸ್ ಟೀಚರೇ ಹೋದ ವಾರ ಹೇಳಿ ಕಳಿಸಿದ್ದಾರೆ, ನೀನು ಅದನ್ನು ಲಾಂಡ್ರಿಯ ತುಂಬ ಸಾರಿ ಬಂದಿದ್ದೀಯ, ಇಸ್ತ್ರಿ ಮಾಡುವ ಆ ದಪ್ಪ ಹೆಂಗಸಿನ ಹೊಟ್ಟೆ ಉರಿದದ್ದನ್ನು ನನಗೆ ವರ್ಣಿಸಿಯೂ ಇದ್ದೀಯ. ಎಲ್ಲ ನಿಜ. ಟೀಚರ್ ಸುಳ್ಳು ಹೇಳಿಲ್ಲ. ಅವರಿಗೆ ಕೇಳಿಸಿದ್ದನ್ನೇ ಹೇಳಿದ್ದಾರೆ.

ಶನಿವಾರ ನಡೆದದ್ದು ಕೇಳು. ನಾನು ಪಾತ್ರೆ ತೊಳೆಯುತ್ತಿದ್ದೆ, ಬಟಾಣಿ ಪಕ್ಕದ ಸ್ಟೂಲಿನ ಮೇಲೆ ಕೂತು ಬಸ್ಸು ಹತ್ತಿದ ಮೇಕೆಯ ಕಥೆಯನ್ನು ನನಗೆ ಓದಿ ಹೇಳುತ್ತಿದ್ದಳು. ಬೆರಳಿಟ್ಟು, ರಾಗವಾಗಿ, ಕಂಡಕ್ಟರನಿಗೆ ಬೇರೆ ದನಿ, ಮೇಕೆಗೆ ಬೇರೆ ದನಿ. ಮೇಕೆ ಚಿಲ್ಲರೆ ಹುಡುಕುವ ಜಾಗಕ್ಕೆ ಬಂದಾಗ ನಾನು ಕೈ ಒರೆಸಿಕೊಂಡು ಬಗ್ಗಿ ನೋಡಿದೆ. ಪುಸ್ತಕದಲ್ಲಿ ಮೇಕೆ ಆಗಲೇ ಕಿಟಕಿಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿತ್ತು. ನಡುವಿನ ಎರಡು ಹಾಳೆ ಜಾಮಿನಿಂದ ಅಂಟಿಕೊಂಡಿದ್ದವು. ಅವಳು ಅಂಟಿಕೊಂಡ ಹಾಳೆಯೊಳಗಿನದನ್ನು ಒಂದಕ್ಷರ ತಪ್ಪದೆ ಓದುತ್ತಿದ್ದಳು, ಬೆರಳನ್ನು ಗೊರಕೆಯ ಮೇಲೆ ಆಡಿಸುತ್ತ.

ನನಗೆ ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ಕಣ್ಣಿನ ದೋಷವಿರಬಹುದು ಎಂದುಕೊಂಡೆ. ಕನ್ನಡಕದ ಅಂಗಡಿಯವನಿಗೆ ಜಗತ್ತಿನ ಸಕಲ ಕಷ್ಟಗಳೂ ಕಣ್ಣಿನಿಂದಲೇ ಹುಟ್ಟುತ್ತವೆ. ಅಂದೇ ಮಧ್ಯಾಹ್ನ ಅಂಗಡಿಗೆ ಕರೆದೊಯ್ದು ಎತ್ತರದ ಕುರ್ಚಿಯಲ್ಲಿ ಕೂರಿಸಿದೆ. ಸೊನ್ನೆ, ಚೌಕ, ತ್ರಿಕೋನಗಳ ಬೋರ್ಡನ್ನು ಕೆಳಗಿನ ಸಾಲಿನವರೆಗೂ ಪಟಪಟನೆ ಹೇಳಿದಳು. ಹದ್ದಿನ ಕಣ್ಣು. ಕಪಾಟಿನಲ್ಲಿ ಹೊಸದಾಗಿ ಬಂದ ಒಂದು ಡಬ್ಬಿ ಇತ್ತು, ಅದರ ಮೇಲೆ 'ಒಡೆಯುವ ವಸ್ತು, ಜೋಪಾನ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಇದನ್ನು ಓದು ಪುಟ್ಟಾ ಎಂದೆ. ಅವಳು ಡಬ್ಬಿಯನ್ನು ನೋಡಲಿಲ್ಲ ಅಕ್ಕ, ನನ್ನ ಬಾಯಿಯನ್ನು ನೋಡಿದಳು.

"ನೀನು ಒಂದ್ಸಲ ಓದು ಮಾಮ," ಅಂದಳು. "ಆಮೇಲೆ ನಂಗೆ ಬರುತ್ತೆ."

ನಮ್ಮ ಅಂಗಡಿಯಲ್ಲಿ ಗೋಡೆಗೆ ಒಂದು ಬೋರ್ಡು ತೂಗುತ್ತದೆ, ಕಪಾಟಿನ ಹಿಂದೆ ಇನ್ನೊಂದು ಇರುತ್ತದೆ. ಯಾಕೆಂದರೆ ಕೆಲವು ಗಿರಾಕಿಗಳು ಬೆಂಚಿನ ಮೇಲೆ ಕಾಯುತ್ತ ಕೂತಾಗ ಮುಂದಿನವನು ಓದುವುದನ್ನು ಕೇಳಿಸಿಕೊಂಡು ಇಡೀ ಬೋರ್ಡನ್ನೇ ಬಾಯಿಪಾಠ ಮಾಡಿಬಿಡುತ್ತಾರೆ. ದಪ್ಪ ಗಾಜು ಹಾಕಿಸಿಕೊಳ್ಳಲು ಅವಮಾನ ಅವರಿಗೆ. ಅಂಥ ಎಷ್ಟೋ ಮೀಸೆ ಹೊತ್ತವರನ್ನು ನಾನು ಬೋರ್ಡು ಬದಲಿಸಿ ಹಿಡಿದಿದ್ದೇನೆ, ಹಿಡಿದು ಬೀಗಿದ್ದೇನೆ. ಮನೆಯಲ್ಲಿ ಮೂರಡಿ ಎತ್ತರದ ಒಂದು ಪ್ರಾಣಿ ದಿನವೂ ನನ್ನ ಮುಂದೆ ಅದೇ ಆಟ ಆಡುತ್ತಿತ್ತು, ನಾನು ಚಪ್ಪಾಳೆ ತಟ್ಟುತ್ತಿದ್ದೆ. ಮಲಗುವ ಮುಂಚೆ ಅವಳಿಗೆ ಓದಿ ಹೇಳುವವನು ನಾನು, ಬೆಳಿಗ್ಗೆ ಓದಿ ಹೇಳುವವಳು ನೀನು. ಎರಡು ಪಾಳಿಯಲ್ಲಿ ಸರಬರಾಜು ನಡೆದಿತ್ತು.

ಅಂಗಡಿಯಿಂದ ಬರುವಾಗ ದಾರಿಯುದ್ದಕ್ಕೂ ನನ್ನ ಕಿರುಬೆರಳು ಹಿಡಿದಿದ್ದಳು. ಬೀದಿ ತಿರುವಿನಲ್ಲಿ ನಿಂತು, "ಅಮ್ಮಂಗೆ ಹೇಳ್ಬೇಡ. ಬೆಳಿಗ್ಗೆ ನಾನು ಓದಿದ್ರೆ ಮಾತ್ರ ಅವಳು ನಗ್ತಾಳೆ," ಅಂದಳು. ಹೇಳುವುದಿಲ್ಲ ಎಂದು ತಲೆಯಾಡಿಸಿದೆ. ಈಗ ಹೇಳುತ್ತಿದ್ದೇನೆ. ನಾನು ಎಂಥ ಮಾಮ ಎನ್ನುವುದನ್ನು ಆಮೇಲೆ ತೀರ್ಮಾನ ಮಾಡು, ಮೊದಲು ಮುಂದಿನದು ಓದು.

ನಿನ್ನೆ ನಿನಗೆ ತಿಳಿಸದೆ ಶಾಲೆಗೆ ಹೋಗಿದ್ದೆ. ಆ ಉದ್ದ ಕಾರಿಡಾರಿನ ಕೊನೆಯಲ್ಲಿ, ಮೊದಲು ಮುರಿದ ಬೆಂಚುಗಳನ್ನು ತುಂಬಿಡುತ್ತಿದ್ದರಲ್ಲ, ಆ ಚಿಕ್ಕ ಕೋಣೆಗೆ. ಅದೇ ಕೋಣೆ. ಹೋದ ವರ್ಷ ಶಾಲೆಯವರು ಅದರ ಬಗ್ಗೆ ಎಲ್ಲ ಮನೆಗಳಿಗೂ ಹೇಳಿ ಕಳಿಸಿದಾಗ ನೀನು ಸೆರಗು ಬಿಗಿದು, "ನನ್ನ ಮಗಳಿಗೆ ಬಡವರ ರೂಮು ಬೇಡ. ಅವಳ ಬುಡಕ್ಕೆ ಸ್ವಂತ ಕುರ್ಚಿ ಇದೆ, ಸರ್ಕಾರದ್ದು ಬೇಡ," ಅಂದದ್ದು ನನಗೆ ನೆನಪಿದೆ. ಕೆಳಗಿನ ಮನೆಯವರಿಗೂ ನೆನಪಿರಬಹುದು, ಅಷ್ಟು ಜೋರಾಗಿತ್ತು.

ಒಳಗೆ ಅರ್ಧಚಂದ್ರಾಕಾರದ ಒಂದು ಮೇಜು ಇದೆ. ಅರ್ಧಚಂದ್ರ ಎಂದರೆ ನಮ್ಮಲ್ಲಿ ಕುತ್ತಿಗೆ ಹಿಡಿದು ಹೊರಗೆ ನೂಕುವುದು. ಇಲ್ಲಿ ಒಳಗೆ ಕೂರಿಸಿಕೊಳ್ಳುವುದಕ್ಕೆ ಇಟ್ಟಿದ್ದಾರೆ. ಒಳಬಾಗಿದ ಹೊಟ್ಟೆಯ ಕಡೆ ಓದಿನ ಟೀಚರ್, ಉಬ್ಬಿದ ಬೆನ್ನಿನ ಕಡೆ ಆರು ಪುಟ್ಟ ಕುರ್ಚಿ. ಎಲ್ಲರೂ ಟೀಚರಿನ ಕೈಗೆ ಎಟಕುವಷ್ಟು ಹತ್ತಿರ. ಮೇಜಿಗೂ ಕುರ್ಚಿಗೂ ಪುಸ್ತಕದ ಕಪಾಟಿಗೂ ಕೇಂದ್ರ ಸರ್ಕಾರದ ಅನುದಾನ ಎಂದು ಚೀಟಿ ಅಂಟಿಸಿದ್ದಾರೆ. ಟೀಚರಿಗೆ ಅಂಟಿಸಿಲ್ಲ, ಆದರೆ ಅವರ ಸಂಬಳವೂ ಅದೇ ದುಡ್ಡಿನದಂತೆ. ಗೋಡೆಯ ಗಡಿಯಾರ ಮಾತ್ರ ನಿಂತುಹೋಗಿದೆ. ಯಾಕೆ ಎಂದು ಕೇಳಿದೆ. ಶಾಲೆ ಹೇಗೂ ಮಾಡಲೇಬೇಕಾದ ಕೆಲಸಕ್ಕೆ ಆ ದುಡ್ಡನ್ನು ಮುಟ್ಟುವಂತಿಲ್ಲವಂತೆ. ಗಡಿಯಾರ ಶಾಲೆಯ ಬಾಬ್ತು, ಓದು ಕಲಿಸುವ ಹೆಚ್ಚಿನ ಅರ್ಧ ಗಂಟೆ ಕೇಂದ್ರದ ಬಾಬ್ತು. ಹಾಗಾಗಿ ಆ ಕೋಣೆಯಲ್ಲಿ ಅರ್ಧ ಗಂಟೆ ಇದೆ, ಅದನ್ನು ತೋರಿಸುವ ಗಡಿಯಾರ ಇಲ್ಲ. ಸರ್ಕಾರಗಳ ಬಗ್ಗೆ ನನಗಿದ್ದ ಗೌರವ ಇಮ್ಮಡಿಸಿತು.

ನೀನು ತಿಳಿದುಕೊಂಡಿರುವುದರಲ್ಲಿ ಅರ್ಧ ಸರಿ. ದುಡ್ಡು ಆ ಶಾಲೆಗೆ ಬರುವುದು ನಮ್ಮಂಥವರ ಮನೆಗಳು ಸುತ್ತಲಿನ ಬೀದಿಗಳಲ್ಲಿ ಹೆಚ್ಚಾಗಿವೆ ಎನ್ನುವ ಕಾರಣಕ್ಕೇ. ನಮ್ಮ ಬಡತನವನ್ನು ಅಷ್ಟು ದೂರದಲ್ಲಿ ಕೂತವರೂ ಗುರುತಿಸಿದ್ದಾರೆ, ಅದಕ್ಕೆ ಬೇಕಾದರೆ ಬೇಜಾರು ಮಾಡಿಕೊ. ಆದರೆ ಕುರ್ಚಿ ಸಿಗುವುದು ಬಡತನ ನೋಡಿ ಅಲ್ಲ. ಓದಿನಲ್ಲಿ ಯಾರು ಹಿಂದೆ ಬಿದ್ದಿದ್ದಾರೋ ಅವರಿಗೆ. ನಿನ್ನೆ ಅಲ್ಲಿ ಬ್ಯಾಂಕಿನ ಮ್ಯಾನೇಜರರ ಮಗನೂ ಕೂತು ಒಂದು ಸಾಲಿನ ಜೊತೆ ಗುದ್ದಾಡುತ್ತಿದ್ದ. ಅವನ ಬೂಟು ನನ್ನ ಬೂಟಿಗಿಂತ ಚೆನ್ನಾಗಿತ್ತು.

ಓದಿನ ಟೀಚರ್ ತೆಳ್ಳಗಿನ ಹೆಂಗಸು, ಜೋಬಿನಲ್ಲಿ ಸದಾ ನಾಲ್ಕು ಪೆನ್ಸಿಲ್. ನಾನು ಮೇಕೆಯ ಪುರಾಣವೆಲ್ಲ ಹೇಳಿದೆ, ಮಗು ಸ್ವಲ್ಪ ಮಂಕಾಗಿರಬಹುದೇನೋ ಎಂದು ತಡವರಿಸಿದೆ. ಅವರಿಗೆ ಕೋಪ ಬಂತು.

"ಮಂಕಾಗಿದ್ರೆ ಯಾವತ್ತೋ ಸಿಕ್ಕಿಹಾಕ್ಕೊಳ್ತಿದ್ಳು ಸಾರ್," ಅಂದರು. "ಎರಡು ವರ್ಷ ನಮ್ಮನ್ನೆಲ್ಲ ಯಾಮಾರಿಸಿದಾಳೆ, ಅದಕ್ಕೆ ಎಷ್ಟು ಬುದ್ಧಿ ಬೇಕು ಯೋಚನೆ ಮಾಡಿ. ಆದ್ರೆ ಮುಂದಿನ ಕ್ಲಾಸಲ್ಲಿ ಪುಸ್ತಕ ದಪ್ಪ ಆಗುತ್ತೆ. ಅಷ್ಟನ್ನ ಯಾರೂ ಕಿವೀಲಿ ತುಂಬ್ಕೊಳ್ಳೋಕಾಗಲ್ಲ. ಆಗ ಮಕ್ಕಳು ಇದ್ದಕ್ಕಿದ್ದ ಹಾಗೆ ಹೊಟ್ಟೆನೋವು ಅಂತ ಶಾಲೆ ಬಿಡೋಕೆ ಶುರು ಮಾಡ್ತಾರೆ."

ಹೋದ ತಿಂಗಳು ಬಟಾಣಿಗೆ ಮೂರು ಸಲ ಹೊಟ್ಟೆನೋವು ಬಂದಿತ್ತು. ನಾವು ಐಸ್‌ಕ್ರೀಮನ್ನು ದೂರಿದೆವು.

ಈಗ ಪರಿಸ್ಥಿತಿ ಹೀಗಿದೆ. ಒಂದು ಸಂಸಾರ ಬೇರೆ ಊರಿಗೆ ಹೋದದ್ದರಿಂದ ಆರನೆಯ ಕುರ್ಚಿ ಖಾಲಿಯಾಗಿದೆ. ಗುರುವಾರ ಬೆಳಿಗ್ಗೆ ಬಟಾಣಿ ಮತ್ತು ಇನ್ನೊಂದು ಮಗು, ಇಬ್ಬರ ಓದನ್ನೂ ಮತ್ತೊಮ್ಮೆ ಕೇಳಿ, ಹೆಚ್ಚು ಕಷ್ಟಪಡುವ ಮಗುವಿಗೆ ಅದನ್ನು ಕೊಡುತ್ತಾರೆ. ನಾನು ಹೇಳಿದ್ದನ್ನು ಟೀಚರ್ ನಂಬಿದ್ದಾರೆ, ಆದರೆ ಮಾಮನ ಮಾತಿನ ಮೇಲೆ ಕೇಂದ್ರದ ಕುರ್ಚಿ ಕೊಡಲು ಬರುವುದಿಲ್ಲ, ಮಗುವೇ ತೋರಿಸಬೇಕು. ಈ ಸಲ ತಪ್ಪಿದರೆ ಮುಂದಿನ ವರ್ಷ. ಮುಂದಿನ ವರ್ಷ ಎಷ್ಟು ದುಡ್ಡು ಬರುತ್ತದೋ, ಟೀಚರ್ ಇರುತ್ತಾರೋ ಇಲ್ಲವೋ, ಅದು ಅವರಿಗೇ ಗೊತ್ತಿಲ್ಲ. ಹೇಳುವಾಗ ಪೆನ್ಸಿಲುಗಳನ್ನು ಜೋಬಿನಿಂದ ತೆಗೆದು ಮತ್ತೆ ಜೋಬಿಗೆ ಹಾಕಿಕೊಂಡರು.

ಹೊರಗೆ ಬಂದಾಗ ಕಾರಿಡಾರಿನ ಬೆಂಚಿನ ಮೇಲೆ ಆ ಇನ್ನೊಂದು ಮಗುವಿನ ಅಜ್ಜಿ ಕೂತಿದ್ದರು. ನನ್ನನ್ನು ನೋಡಿ ನಕ್ಕು, ನಿಮ್ಮ ಮಗೂಗೂ ಕುರ್ಚಿಗೇನಾ ಅಂದರು. ನಾನು ಅಂಗಡಿಗೆ ಹೊತ್ತಾಯಿತು ಎಂದು ಜಾರಿಕೊಂಡೆ. ಆ ಅಜ್ಜಿಯ ಮುಖ ನನ್ನನ್ನು ಬಿಡುತ್ತಿಲ್ಲ. ನಮಗೆ ಸಿಕ್ಕರೆ ಅವರಿಗಿಲ್ಲ. ಇಬ್ಬರನ್ನೂ ಕೂರಿಸಲು ಏಳನೆಯ ಕುರ್ಚಿ ತರಲೇ ಎಂದು ಟೀಚರನ್ನು ಕೇಳಿದ್ದೆ, ನಮ್ಮ ಮನೆಯದೇ ತರುತ್ತೇನೆ ಅಂದೆ. ಕುರ್ಚಿ ಅಲ್ಲ ಸಾರ್ ಕಡಿಮೆ ಇರುವುದು, ನಾನು, ಇರುವವಳು ಒಬ್ಬಳೇ, ಎಂದರು.

ನಿನ್ನೆ ಸಂಜೆ ಒಂದು ಘನವಾದ ದುರ್ಬುದ್ಧಿಯೂ ಬಂತು, ಮುಚ್ಚಿಡುವುದಿಲ್ಲ. ಗುರುವಾರ ಸ್ವಲ್ಪ ತೊದಲು ಪುಟ್ಟಾ ಎಂದು ಹೇಳಿಕೊಟ್ಟುಬಿಡಲೇ ಎಂದು. ಹೇಗೆ ಹೇಳಿಕೊಡುವುದೆಂದು ಅಂಗಡಿಯಲ್ಲಿ ಅಭಿನಯಿಸಿ ನೋಡಿದೆ. ಕನ್ನಡಕದ ಅಂಗಡಿಯಲ್ಲಿ ಎತ್ತ ತಿರುಗಿದರೂ ಕನ್ನಡಿ. ಏಳೆಂಟು ನಡುವಯಸ್ಸಿನ ಗಂಡಸರು ಒಟ್ಟಿಗೆ ಮೇಕೆಯ ಬಗ್ಗೆ ತೊದಲುವುದನ್ನು ಕಂಡು ನನಗೇ ನಾಚಿಕೆಯಾಯಿತು. ಅಷ್ಟೇ ಅಲ್ಲ, ಅವಳು ನನ್ನ ತೊದಲನ್ನೂ ಬಾಯಿಪಾಠ ಮಾಡಿಬಿಡುತ್ತಾಳೆ. ಇನ್ನೊಂದು ಸುಳ್ಳನ್ನು ಅವಳ ತಲೆಯ ಮೇಲೆ ಹೇರುವುದು ಬೇಡ. ಅವಳು ಹೊತ್ತಿರುವುದೇ ಸಾಕಷ್ಟಿದೆ.

ನಿನ್ನ ಒಪ್ಪಿಗೆ ಇಲ್ಲದೆ ಅವಳನ್ನು ಅಲ್ಲಿ ಕೂರಿಸುವಂತಿಲ್ಲ. ಅದಕ್ಕೆ ನಾಳೆ ಶಾಲೆಗೆ ಫೋನು ಮಾಡಿ ಹೂಂ ಎನ್ನು. ಬೈಯುವುದಿದ್ದರೆ ನನ್ನನ್ನು ಬೈ, ತಲೆ ತಗ್ಗಿಸಿ ಕೇಳುತ್ತೇನೆ, ನಡುನಡುವೆ ಹೌದಕ್ಕ ಅನ್ನುತ್ತೇನೆ. ಅವಳನ್ನು ಮಾತ್ರ ಏನೂ ಅನ್ನಬೇಡ. ಅವಳು ನಿನಗೆ ಮೋಸ ಮಾಡಲಿಲ್ಲ. ನೀನು ಸೋತು ಸುಣ್ಣವಾಗಿ ಬರುವ ಹೊತ್ತಿಗೆ ನಿನಗೆ ಕೊಡಲು ಅವಳ ಹತ್ತಿರ ಇದ್ದದ್ದು ಅದೊಂದೇ, ಅದನ್ನು ಪಾಪ, ತಪ್ಪದೆ ಕೊಡುತ್ತ ಬಂದಳು.

ಕೊನೆಗೆ ಒಂದು ಸಣ್ಣ ಉಪಕಾರ. ಮಕ್ಕಳು ಹೆದರಬಾರದೆಂದು ಗುರುವಾರದ ಪುಸ್ತಕವನ್ನು ಎರಡು ದಿನ ಮೊದಲೇ ಮನೆಗೆ ಕೊಟ್ಟು ಕಳಿಸುವುದು ಆ ಶಾಲೆಯ ರೂಢಿ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ, ಆದರೆ ಹೋದ ಸಲ ಓದು ಕೇಳಿದಾಗ ಎಲ್ಲರೂ ಏಮಾರಿದ್ದು ಅದರಿಂದಲೇ. ಇವತ್ತು ಅವಳ ಚೀಲದಲ್ಲಿ ಹೊಸ ಪುಸ್ತಕ ಬರುತ್ತದೆ, ಕಳೆದುಹೋದ ಕೊಡೆಯ ಕಥೆ. ರಾತ್ರಿ ನಾನು ಓದಿ ಹೇಳುವುದಿಲ್ಲ. ನಾಳೆ ಬೆಳಿಗ್ಗೆ ನೀನು ಬಂದು ಕೂತ ಕೂಡಲೇ ಅದನ್ನು ಹಿಡಿದುಕೊಂಡು ನಿನ್ನ ಮಡಿಲಿಗೆ ಬರುತ್ತಾಳೆ, ಒಂದೇ ಒಂದ್ಸಲ ಅಮ್ಮ ಎನ್ನುತ್ತಾಳೆ, ಗದ್ದ ಹಿಡಿಯುತ್ತಾಳೆ. ಓದಬೇಡ ಅಕ್ಕ. ಒಂದು ಸಾಲೂ ಬೇಡ. ಗುರುವಾರ ಬೆಳಿಗ್ಗೆಯೂ ಬೇಡ. ಕಣ್ಣು ಉರಿಯುತ್ತಿದೆ ಎಂದು ಹೇಳು, ಅದು ಸುಳ್ಳೂ ಆಗುವುದಿಲ್ಲ. ಪುಸ್ತಕ ಮುಚ್ಚಿಟ್ಟು ಅವಳನ್ನು ಹಾಗೇ ಸುಮ್ಮನೆ ಮಡಿಲಲ್ಲಿ ಕೂರಿಸಿಕೊ. ಸಾಧ್ಯವಾದರೆ, ಅವಳು ಏನೂ ಓದದೆ ಇದ್ದರೂ, ಸ್ವಲ್ಪ ನಗು.

ನಿನ್ನ ಕೈಗಳಿಗೆ ಇವತ್ತು ಹಗುರ ಬಟ್ಟೆಗಳೇ ಸಿಗಲಿ ಎಂದು ಹಾರೈಸುವ,

ನಿನ್ನ ತಮ್ಮ