ಬೆಕ್ಕಿಗೆ ಎಟುಕದ ಎತ್ತರ

ಸೊಂಡರ್‌ಹೋ, ಫಾನೊ ದ್ವೀಪ
ಸೋಮವಾರ, 16 ಡಿಸೆಂಬರ್ 1974

ಪ್ರೀತಿಯ ಥೋರ್ಕಿಲ್,

ಹೇಗಿದ್ದೀಯ? ಹಲ್ಲುನೋವು ಇಳಿಯಿತೇ, ಇಲ್ಲ ಇನ್ನೂ ಲವಂಗ ಕಚ್ಚಿಕೊಂಡೇ ಹಡಗು ನಡೆಸುತ್ತಿದ್ದೀಯಾ? ಲಿಸ್ಬನ್‌ನಲ್ಲಿ ಇಳಿದ ಕೂಡಲೇ ದಂತವೈದ್ಯರ ಹತ್ತಿರ ಹೋಗು, ಅಡುಗೆಯವನ ಇಕ್ಕಳಕ್ಕೆ ಬಾಯಿ ಕೊಡಬೇಡ. ಇಲ್ಲಿ ನಾನು, ಆಸ್ತಾ, ಪೇಬರ್ ಮೂವರೂ ಬದುಕಿದ್ದೇವೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದೆ ಓದುವಾಗ ನಿನ್ನ ಎದೆ ಹೊಡೆದುಕೊಳ್ಳಬಾರದು. ನನ್ನದು ನಿನ್ನೆಯಿಂದ ಹೊಡೆದುಕೊಳ್ಳುತ್ತಲೇ ಇದೆ.

ಬೆಕ್ಕಿನಮರಿಯನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ತಂದು ಮಗಳು ಆಸ್ತಾಳ ಮಡಿಲಿಗೆ ಹಾಕಿ, ಮರುವಾರವೇ ಸಮುದ್ರಕ್ಕೆ ಹೊರಟುಹೋದ ಮಹಾಶಯ ನೀನು. ಪೇಬರ್ ಈಗ ಮರಿಯಲ್ಲ. ಸೋಫಾದ ಕೈ ಹರಿದು ಒಳಗಿನ ನಾರು ಕಾಣುತ್ತಿತ್ತು, ಅದಕ್ಕೆ ಬೆಳ್ಳಿ ಕಾಗದ ಸುತ್ತಿದೆ, ಆ ಸದ್ದು ಅದಕ್ಕೆ ಆಗುವುದಿಲ್ಲ. ಪರದೆಯ ಅಂಚಿಗೆ ಅಂಟುಪಟ್ಟಿ ಹಚ್ಚಿದೆ. ಊಟದ ಮೇಜಿನ ಕಾಲಿಗೆ ನಿನ್ನ ಹಳೆಯ ಹಗ್ಗ ಸುತ್ತಿ, ಪರಚುವುದಿದ್ದರೆ ಇಲ್ಲಿ ಪರಚು ಮಾರಾಯ ಎಂದು ಅದರ ಕೈ ಹಿಡಿದು ತೋರಿಸಿದೆ. ಕಿಟಕಿಯ ಹಲಗೆಯ ಮೇಲೆ ಕಿತ್ತಳೆ ಸಿಪ್ಪೆ ಇಟ್ಟೆ. ಕಿತ್ತಳೆ ವಾಸನೆಗೆ ಬೆಕ್ಕು ಹತ್ತಿರ ಸುಳಿಯುವುದಿಲ್ಲವಂತೆ. ಪೇಬರ್ ಸಿಪ್ಪೆಯನ್ನು ಕೆಳಗೆ ತಳ್ಳಿ, ಕಿಟಕಿಯಲ್ಲಿದ್ದ ಪಿಂಗಾಣಿ ನಾಯಿಗಳನ್ನೂ ತಳ್ಳಿತು. ಪುಣ್ಯಕ್ಕೆ ಕೆಳಗೆ ಬೀಳಲಿಲ್ಲ, ಮುಖ ಮಾತ್ರ ಮನೆಯೊಳಕ್ಕೆ ತಿರುಗಿತು. ನಾನು ನೋಡಿರಲಿಲ್ಲ. ನಾಯಿಗಳು ಸಮುದ್ರದ ಕಡೆ ನೋಡುತ್ತಿದ್ದರೆ ಗಂಡ ಹಡಗಿನಲ್ಲಿದ್ದಾನೆ, ಒಳಗೆ ನೋಡಿದರೆ ಮನೆಗೆ ಬಂದಿದ್ದಾನೆ ಎಂದು ಇಲ್ಲಿ ಯಾರಿಗೆ ಗೊತ್ತಿಲ್ಲ? ಸಂಜೆಗೆ ಪಕ್ಕದ ಮನೆಯ ವಿಲಾಡ್ಸ್ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಎಲ್ಲವ್ವಾ ನಿನ್ ಗಂಡ? ಬಂದು ಮುಖಾನೂ ತೋರಿಸ್ದೆ ಮಂಚದ ಕೆಳಗೆ ಅಡಗಿದಾನಾ?" ಎಂದ. ಆ ದಿನ ನಕ್ಕು ನಕ್ಕು ಸುಸ್ತಾದೆ. ನಗುವಂಥದ್ದು ಅದೇ ಕೊನೆ.

ಕ್ರಿಸ್ಮಸ್‌ಗೆ ಮುಂಚಿನ ಭಾನುವಾರಗಳು ಶುರುವಾದವು. ನಾಲ್ಕು ಮೇಣದ ಬತ್ತಿಯ ಸೊಪ್ಪಿನ ಚಕ್ರವನ್ನು ಎಂದಿನಂತೆ ಕೆಂಪು ರಿಬ್ಬನ್ನಿನಲ್ಲಿ ತೊಲೆಗೆ ತೂಗುಹಾಕಿದೆ. ಪೇಬರ್ ಮೇಜಿನ ಮೇಲಿಂದ ಹಾರಿ ಅದಕ್ಕೆ ಜೋತುಬೀಳಲು ನೋಡಿತು. ಹಾಗಾಗಿ ರಿಬ್ಬನ್ ಗಿಡ್ಡ ಮಾಡಿ, ಚಕ್ರವನ್ನು ತೊಲೆಗೆ ತೀರ ಹತ್ತಿರ ಎತ್ತರಿಸಿದೆ, ಬತ್ತಿ ಹಚ್ಚಲು ಪ್ರತಿ ಸಲ ಹೊರಗಿನಿಂದ ಏಣಿ ತರಬೇಕಿತ್ತು. ಬತ್ತಿ ಹಚ್ಚುವ ದಿನ ಮೂಲೆಯಲ್ಲಿ ಬಕೆಟ್ ನೀರು ಇಡುವುದು ನಿಮ್ಮ ಮನೆಯ ಪದ್ಧತಿಯಲ್ಲವೇ, ತಲೆಯ ಮೇಲೆ ಜೊಂಡುಹುಲ್ಲಿನ ಮಾಡು ಇರುವಾಗ ಅದು ಬೇಕೇ ಬೇಕು. ಆದರೆ ಪೇಬರ್ ಅದರಲ್ಲಿ ಪಂಜ ಅದ್ದಿ ಆಡುತ್ತಾ ಹೊಸ ನೆಲದ ಮೇಲೆಲ್ಲ ಚೆಲ್ಲಿಬಿಡುತ್ತಿತ್ತು. ಅದಕ್ಕೆ ಬಕೆಟ್ಟಿನ ಮೇಲೆ ಹಲಗೆ ಮುಚ್ಚಿ, ನೀನೇ ಕಲಿಸಿದ ಗಂಟು ಹಾಕಿ ಹಗ್ಗದಿಂದ ಬಿಗಿದೆ. ಎಂಥ ಜಾಣೆ ನಾನು ಎಂದು ಒಳಗೊಳಗೇ ಬೀಗಿದೆ ಕೂಡ.

ನಿನ್ನೆ ಮೂರನೆಯ ಭಾನುವಾರ. ನಿನ್ನ ಅಮ್ಮ ಬಂದಿದ್ದರು. ಅವರು ಒಲೆಯ ಹತ್ತಿರ ಗುಂಡುದೋಸೆ ಹುಯ್ಯುತ್ತಿದ್ದರು, ಆಸ್ತಾ ಮೇಜಿನಲ್ಲಿ ಹಬ್ಬದ ಮರಕ್ಕೆ ಕಾಗದದ ಹೃದಯ ಹೆಣೆಯುತ್ತಿದ್ದಳು, ಮೇಲೆ ವಾರಕ್ಕೊಂದರಂತೆ ಮೂರು ಬತ್ತಿ ಉರಿಯುತ್ತಿದ್ದವು. ಚಕ್ರ ಎತ್ತರಿಸುವಾಗ ಕಪಾಟಿನ ನೆತ್ತಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಪೇಬರ್ ಅಲ್ಲಿಂದ ಹಾರಿತು. ಚಕ್ರ ಓಲಾಡಿತು, ಬತ್ತಿಯೊಂದು ಒಣಗಿದ ಸೊಪ್ಪಿಗೆ ವಾಲಿತು, ಭಗ್ಗೆಂದಿತು. ಥೋರ್ಕಿಲ್, ಅಷ್ಟು ಬೇಗ ಹತ್ತಿಕೊಳ್ಳುತ್ತದೆಂದು ನನಗೆ ಗೊತ್ತಿರಲಿಲ್ಲ. ಕುರ್ಚಿ ಹತ್ತಿ ಕೈ ಚಾಚಿದೆ. ಬೆಕ್ಕಿಗೆ ಎಟುಕಬಾರದೆಂದು ಕಟ್ಟಿದ್ದು ನನಗೂ ಎಟುಕಲಿಲ್ಲ. ಉರಿ ತೊಲೆಯನ್ನು ನೆಕ್ಕುತ್ತಿತ್ತು, ಅದರ ಮೇಲೆ ಹುಲ್ಲು. ಇಳಿದು ಬಕೆಟ್ಟಿಗೆ ಓಡಿದೆ. ಗಂಟು ಬಿಚ್ಚಿಕೊಳ್ಳಲೇ ಇಲ್ಲ. ಉಗುರು ಕಿತ್ತುಬಂದರೂ ಬಿಚ್ಚಲಿಲ್ಲ. ಅಷ್ಟರಲ್ಲಿ ರಿಬ್ಬನ್ ಸುಟ್ಟು ಇಡೀ ಚಕ್ರ ಮೇಜಿನ ಮೇಲೆ ಬಿತ್ತು, ಬೆಕ್ಕನ್ನು ಎತ್ತಿಕೊಳ್ಳಲು ಮೇಜಿನ ಮೇಲೆ ಬಾಗಿದ್ದ ಆಸ್ತಾಳ ಪಕ್ಕದಲ್ಲೇ. ಅವಳ ಜಡೆಗೆ ಕಿಡಿ ತಾಗಿತು. ನಿನ್ನ ಅಮ್ಮ ಗುಂಡುದೋಸೆಯ ಹಿಟ್ಟಿನ ಪಾತ್ರೆಯನ್ನು ಎತ್ತಿ ಮಗುವಿನ ಮೇಲೆ, ಬೆಂಕಿಯ ಮೇಲೆ, ಬೆಕ್ಕಿನ ಮೇಲೆ ಒಟ್ಟಿಗೇ ಸುರಿದರು. ಆರಿತು. ಅವರಿಲ್ಲದಿದ್ದರೆ ಈ ಪತ್ರವನ್ನು ನಾನು ಎಲ್ಲಿಂದ ಬರೆಯುತ್ತಿದ್ದೆನೋ ಗೊತ್ತಿಲ್ಲ. ಅವರ ಕೈಗೆ ನಾನು ಎಂದೆಂದಿಗೂ ಋಣಿ, ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ.

ಮಗುವಿಗೆ ಒಂದು ಕಡೆ ಕೂದಲು ಸುಟ್ಟಿದೆ, ಅಷ್ಟೇ. ಕತ್ತರಿಸಿ ಸಮ ಮಾಡಿದ್ದೇನೆ. ತೊಲೆಯ ಮೇಲೆ ಕಪ್ಪು ಕಲೆ. ಹಿಟ್ಟು ಒರೆಸುತ್ತಲೇ ನಿನ್ನ ಅಮ್ಮ ತೀರ್ಪು ಕೊಟ್ಟರು. "ಹಬ್ಬದೊಳಗೆ ಈ ಪೀಡೆ ಮನೆ ಬಿಡ್ಬೇಕು ಬೋಡಿಲ್, ಯಾವ್ದಾದ್ರೂ ಕೊಟ್ಟಿಗೆಗೆ ಸಾಗಹಾಕು." ಆಸ್ತಾ ಬೆಕ್ಕನ್ನು ಅವುಚಿಕೊಂಡು ಮಂಚದ ಕೆಳಗೆ ಹೋದವಳು ಊಟಕ್ಕೂ ಬರಲಿಲ್ಲ. ನಾನು ಮೆಲ್ಲಗೆ, ಹಾಗಾದರೆ ಈ ವರ್ಷ ಕ್ರಿಸ್ಮಸ್ ಮರಕ್ಕೆ ವಿದ್ಯುತ್ ದೀಪ ಹಾಕೋಣವೇ ಎಂದೆ. "ನಿಜವಾದ ಬತ್ತಿ ಇಲ್ದೆ ಮರದ ಸುತ್ತ ಕುಣಿಯೋದಾ? ಇದೇನು ಅಂಗಡಿ ಕಿಟಕೀನಾ? ಥೋರ್ಕಿಲ್‌ನ ಅಪ್ಪ ಕೇಳಿದ್ರೆ ಗೋರಿಯಿಂದ ಎದ್ದು ಬರ್ತಾರೆ" ಎಂದರು. ಅವರೆದುರು ನಾನು ಯಾವಾಗ ಬಾಯಿ ಬಿಟ್ಟಿದ್ದೇನೆ?

ಆದರೆ ನನಗೆ ಭಯ, ಥೋರ್ಕಿಲ್. ಹಗಲಲ್ಲೂ ಭಯ. ಒಲೆಯ ಕಟ್ಟಿಗೆ ಚಟಪಟ ಎಂದರೂ ಮೇಲೆ ನೋಡುತ್ತೇನೆ. ಬೆಕ್ಕು ಬೀಳಿಸಬಾರದೆಂದು ಮರವನ್ನು ಮೀನಿನ ದಾರದಲ್ಲಿ ತೊಲೆಗೆ ಬಿಗಿಯಬೇಕೆಂದು ಯೋಚಿಸಿದ್ದೆ. ಬಿಗಿದರೆ, ಅದು ಹೊತ್ತಿಕೊಂಡಾಗ ಹೊರಗೆ ಎಳೆಯುವುದು ಹೇಗೆ? ಬಿಗಿಯದಿದ್ದರೆ ಪೇಬರ್ ಹತ್ತದೇ ಬಿಡುತ್ತದೆಯೇ? ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕಿದರೆ ಆಸ್ತಾ ಗೋಳಾಡಿ ಬಾಗಿಲು ತೆರೆಯುತ್ತಾಳೆ. ಎರಡು ಡಜನ್ ಉರಿಯುವ ಬತ್ತಿ, ಒಂದು ಹುಲ್ಲಿನ ಮಾಡು, ಒಂದು ಮಗು. ನೀನೇನು ಹೇಳುತ್ತೀ? ನೀನಿದ್ದಿದ್ದರೆ ನಗುತ್ತಾ ಏನೋ ಒಂದು ಹೇಳಿ ಅಮ್ಮನನ್ನು ಒಪ್ಪಿಸುತ್ತಿದ್ದೆ. ನನಗೆ ಆ ವಿದ್ಯೆ ಬರುವುದಿಲ್ಲ.

ಉಣ್ಣೆಯ ಒಳಅಂಗಿ ಬಿಚ್ಚಬೇಡ, ಲಿಸ್ಬನ್ ಬೆಚ್ಚಗಿದೆ ಎಂದು ಮೋಸಹೋಗಬೇಡ. ವಿಲಾಡ್ಸ್ ಕೇಳಿದ್ದಾನೆಂದು ಹೇಳಲು ಹೇಳಿದ. ಆಸ್ತಾಳ ಮುತ್ತು, ಪೇಬರ್‌ನ ಒಂದು ಪರಚು, ನನ್ನದು ಉಳಿದದ್ದೆಲ್ಲ. ಸಮುದ್ರ ನಿನ್ನನ್ನು ಸುಖವಾಗಿ ದಡ ಸೇರಿಸಲಿ.

ನಿನ್ನ
ಬೋಡಿಲ್

ತಾ.ಕ.: ಮಂಗಳವಾರ ಬೆಳಿಗ್ಗೆ. ಅಂಚೆಯ ದೋಣಿಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆಸ್ತಾಳನ್ನು ಎಬ್ಬಿಸಲು ಹೊದಿಕೆ ಸರಿಸಿದೆ. ಮಗು ಬೂಟು ಹಾಕಿಕೊಂಡೇ ಮಲಗಿತ್ತು, ಲೇಸು ಬಿಗಿಯಾಗಿ ಕಟ್ಟಿ. "ಓಡ್ಬೇಕಾದ್ರೆ ಹುಡುಕ್ತಾ ಕೂರೋಕಾಗುತ್ತಾ ಅಮ್ಮಾ" ಎಂದಳು. ನೆಟ್ಟಗೆ ನಿನ್ನ ಅಮ್ಮನ ಮನೆಗೆ ಹೋದೆ. ಈ ಸಲ ನಮ್ಮ ಮನೆಯೊಳಗೆ ಒಂದೂ ಬತ್ತಿ ಹಚ್ಚುವುದಿಲ್ಲ, ಬೆಕ್ಕೂ ಎಲ್ಲಿಗೂ ಹೋಗುವುದಿಲ್ಲ ಎಂದೆ. "ಹೇಳೋಕೆ ನೀನ್ಯಾರು? ಅದು ನನ್ನ ಮಗನ ಮನೆ" ಎಂದು ಬಾಗಿಲು ಹಾಕಿಕೊಂಡರು. ಲಿಸ್ಬನ್‌ನಿಂದ ಫೋನ್ ಮಾಡುವಾಗ ನನಗೆ ಮಾಡಬೇಡ. ಮೊದಲು ಅವರಿಗೆ ಮಾಡಿ, ಇದು ಯಾರ ಮನೆಯೆಂದು ಹೇಳು. ಆಮೇಲೆ ನನಗೆ ಮಾಡು.